ಕಿರ್ ಕಿರ್ ಎನ್ನುವ ಪ್ರಗತಿ

ಸೈಕಲ್ಲಿನ ಸಾಮಾನಿಗೆ ಮತ್ತೊಂದು ಹೊಸ ‘ಸ್ಟ್ಯಾಂಡರ್ಡ್’, ಅಂದರೆ ಅಳತೆಯ ಕಟ್ಟಳೆ, ಬಂದಿದೆಯಂತೆ. ಸಂತೋಷ. ಸೈಕಲ್ ಲೋಕದಲ್ಲಿ ಸ್ಟ್ಯಾಂಡರ್ಡ್ ಅಂದರೆ ಪಕ್ಕದ ಕಂಪನಿಯ ಸಾಮಾನು ಕೂರಬಾರದು ಅಂತ ಮಾಡಿಕೊಂಡ ಏರ್ಪಾಡು.

ಬಾಟಮ್ ಬ್ರಾಕೆಟ್ಟನ್ನೇ ನೋಡಿ, ಅಂದರೆ ಪೆಡಲಿನ ತೋಳುಗಳು (ಕ್ರ್ಯಾಂಕ್) ಸುತ್ತಲು ಫ್ರೇಮಿನ ಬುಡದಲ್ಲಿ ಕೂರಿಸುವ ಬೇರಿಂಗು. ಹಳೇ ಸ್ಟೀಲ್ ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ 68 ಮಿ.ಮೀ. ಅಗಲದ ಶೆಲ್ (ಬೇರಿಂಗಿನ ಬಟ್ಟಲು, ಅಂದರೆ ಕಪ್, ಕೂರುವ ಕೊಳವೆ), ಒಳಗೆ ಇಂಚಿಗೆ 24 ಸುತ್ತಿನ ಥ್ರೆಡ್ಡು. ಬಲಗಡೆ ಕಪ್‌ಗೆ ಉಲ್ಟಾ ಥ್ರೆಡ್ಡು, ತುಳಿಯುತ್ತಾ ತುಳಿಯುತ್ತಾ ಬಿಚ್ಚಿಕೊಳ್ಳದಿರಲಿ ಅಂತ. ಇಟಲಿಯವರು ಮಾತ್ರ 70 ಮಿ.ಮೀ. ಶೆಲ್ಲಿಗೆ ಎರಡೂ ಕಡೆ ಸೀದಾ ಥ್ರೆಡ್ಡು ಕೊರೆದರು. ಅವರ ಬಲಗಡೆ ಕಪ್ ಆಗಾಗ ಸಡಿಲವಾಗುತ್ತದೆ. ಅಷ್ಟು ಚಂದದ ಫ್ರೇಮಿಗೆ ಅಷ್ಟಾದರೂ ದಂಡ ಕಟ್ಟಬೇಕಲ್ಲ.

ಇದು ವರ್ಷಗಟ್ಟಲೆ ಸುಮ್ಮನೆ ಓಡುತ್ತಿದ್ದುದೇ ತಪ್ಪಾಯಿತು. ಜ್ಞಾನಿಗಳು ಥ್ರೆಡ್ಡು ಕಿತ್ತೆಸೆದು ಬೇರಿಂಗನ್ನು ತೂತಿಗೆ ಒತ್ತಿ ತುರುಕಿದರು. ಅದಕ್ಕೆ ಅಳತೆಗೊಂದು ಹೆಸರು: ಬಿಬಿ30, ಪಿಎಫ್30, ಬಿಬಿ86, ಬಿಬಿ90... ತೂತು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕಿರ್ ಕಿರ್. 2015ರಲ್ಲಿ ಟಿ47 ಅನ್ನುವ ಇನ್ನೊಂದು ಸ್ಟ್ಯಾಂಡರ್ಡ್ ಬಂತು. ಏನದರ ಹೊಸತನ? ಥ್ರೆಡ್ಡು! ಸ್ವಲ್ಪ ದಪ್ಪಗಾಗಿದೆ, ಅಷ್ಟೇ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವರಿಗೆ ಚಪ್ಪಾಳೆ.

ಅತ್ತ ಹಳೇ ಸಾಮಾನು ಕೊಳ್ಳುವ ನಮ್ಮ ಜನವೂ ಕಡಿಮೆಯಿಲ್ಲ. ಕ್ರ್ಯಾಂಕ್ ಫಳಫಳ ಅಂದರೆ ಸಾಕು, ಮರುಳು. ಹೊಳಪನ್ನಲ್ಲ, ಹಿಂದಿನ ಚೌಕದ ತೂತು ನೋಡಬೇಕು. ಸಡಿಲ ಬೋಲ್ಟಿನಲ್ಲೇ ಯಾರೋ ಓಡಿಸಿ ಮೂಲೆಗಳು ಸವೆದಿದ್ದರೆ ಎಷ್ಟು ಬಿಗಿದರೂ ಮತ್ತೆ ಅಲ್ಲಾಡುತ್ತದೆ. ಹಬ್ (ಚಕ್ರದ ನಡುವಿನ ಗುಂಬ) ಆದರೆ ಆಕ್ಸಲನ್ನು ಎರಡು ಬೆರಳಲ್ಲಿ ತಿರುಗಿಸಿ. ಮರಳು ಅರೆದಂತಾದರೆ ಬಿಚ್ಚಿಸಿ. ಆಕ್ಸಲ್ ಮೇಲೆ ಬಾಲ್ಸು ಉರುಳುವ ಕೋನಿನಲ್ಲಿ ಗುಳಿ ಬಿದ್ದಿದ್ದರೆ ಕೋನು ಬದಲಾಯಿಸಬಹುದು. ಹಬ್ಬಿನ ಒಳಗಿನ ಕಪ್‌ನಲ್ಲೇ ಗುಳಿ ಬಿದ್ದಿದ್ದರೆ ಕೆಳಗಿಟ್ಟು ನಡೆಯಿರಿ. ಹಿಂದಿನ ಹಬ್ಬಿಗೆ ಬಹುತೇಕ ಕಾಲಿಂಚಿನ ಬಾಲ್ಸು, ಒಂದೊಂದು ಕಡೆ 9. ಹಳೆಯವನ್ನು ತೊಳೆದು ಹಾಕುವ ಜಿಪುಣತನ ಬೇಡ. ಕ್ವಿಕ್ ರಿಲೀಸ್ (ಲಿವರ್ ಎಳೆದು ಚಕ್ರ ಬಿಚ್ಚುವ ಏರ್ಪಾಡು) ಇದ್ದರೆ ಕೈಯಲ್ಲಿ ಹಿಡಿದಾಗ ಆಕ್ಸಲಿಗೆ ಕೂದಲೆಳೆಯಷ್ಟು ಸಡಿಲ ಬಿಡಿ. ಲಿವರ್ ಬಿಗಿದಾಗ ಆಕ್ಸಲ್ ಒತ್ತಿಕೊಂಡು ಅದು ಮಾಯವಾಗುತ್ತದೆ. ಮೊದಲೇ ಬಿಗಿ ಮಾಡುವ ಮಹಾನುಭಾವರಿಂದಲೇ ಕೋನಿನ ವ್ಯಾಪಾರ ನಡೆದಿರುವುದು.

ಚೈನು ಮಾತ್ರ ಹಳೆಯದು ಬೇಡ. 12 ಜೋಡಿ ಕೊಂಡಿ 12 ಇಂಚು ಇರಬೇಕು. ಅದರ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಚೈನು ಹೋಯಿತು, ಎಂಟನೇ ಒಂದು ಭಾಗವಾದರೆ ಕ್ಯಾಸೆಟ್ಟನ್ನೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಎಳೆದುಕೊಂಡು ಹೋಯಿತು.

ಇನ್ನು ಗೇರ್ ಹ್ಯಾಂಗರ್, ಹಿಂದಿನ ಗೇರ್ ಬದಲಿಸುವ ಸಾಮಾನು ನೇತಾಡುವ ತುಂಡು. ಹೊಸ ಫ್ರೇಮುಗಳಲ್ಲಿ ಮಾಡೆಲ್ಲಿಗೊಂದು ಆಕಾರ. ಸೈಕಲ್ಲು ಬಿತ್ತು, ಹ್ಯಾಂಗರ್ ಮುರಿಯಿತು. ಅಂಗಡಿಯವನ ಉತ್ತರ: “ಇದು ಬರ್ತಾ ಇಲ್ಲ ಸಾರ್, ಹೊಸ ಗಾಡಿ ತಗೊಳ್ಳಿ.” ಫ್ರೇಮಿಗೆ ಒಂದು ಗೀರಿಲ್ಲ, ಚಕ್ರ ನೆಟ್ಟಗಿದೆ. ಬೆರಳುದ್ದದ ಅಲ್ಯೂಮಿನಿಯಂ ತುಂಡು ಮಾಡುವುದನ್ನು ನಿಲ್ಲಿಸಿ ಇಡೀ ಸೈಕಲ್ಲನ್ನು ಗುಜರಿಗೆ ಹಾಕಿಸುವುದಕ್ಕೆ ತಂತ್ರಜ್ಞಾನ ಅನ್ನಬೇಡಿ. ಮೋಸ ಅನ್ನಿ. ಹಳೇ ಸ್ಟೀಲ್ ಫ್ರೇಮಿನಲ್ಲಿ ಹ್ಯಾಂಗರ್ ಡ್ರಾಪೌಟಿನದೇ (ಚಕ್ರದ ಆಕ್ಸಲ್ ಕೂರುವ ಫ್ರೇಮಿನ ಕಚ್ಚು) ಭಾಗ. ಬಗ್ಗಿದರೆ ಅದರ ತೂತಿಗೆ ಅಳತೆಯ ಸರಳು ತಿರುಪಿ, ರಿಮ್ಮಿನ ನಾಲ್ಕೂ ಕಡೆ ಅಂತರ ನೋಡುತ್ತಾ ಮೆಲ್ಲಗೆ ಎಳೆದರೆ ನೆಟ್ಟಗಾಗುತ್ತದೆ. ಹತ್ತು ನಿಮಿಷದ ಕೆಲಸ.