ಹಬ್ಬದ ಮಾರನೇ ದಿನದ ಮೂಳೆ

ಮೊನ್ನೆ ಶುಕ್ರವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದರೆ ಹಾಲಿಗೆ ಜಾಗ ಇರಲಿಲ್ಲ. ಮೊಸರಿನ ಡಬ್ಬಿ ಮೊಟ್ಟೆ ಟ್ರೇ ಮೇಲೆ ವಾಲಿಕೊಂಡು ಕೂತಿತ್ತು, ಕೊತ್ತಂಬರಿ ಸೊಪ್ಪು ಮೂಲೆಯಲ್ಲಿ ಮುದುಡಿತ್ತು. ನಡುವಿನ ಶೆಲ್ಫು ಪೂರ್ತಿ ಒಬ್ಬರ ಪಾಲು. ದೊಡ್ಡ ಬಿಳಿ ಚೀಲ, ಅದರೊಳಗೆ ಟರ್ಕಿ ಕೋಳಿಯ ಪಕ್ಕೆಲುಬಿನ ಗೂಡು, ಒಂದು ಕಾಲು, ಅಲ್ಲಲ್ಲಿ ಅಂಟಿಕೊಂಡ ಮಾಂಸ. ಅದು ನಮ್ಮ ಮನೆಯ ಟರ್ಕಿ ಅಲ್ಲ. ಆ ಕಥೆ ಆಮೇಲೆ ಹೇಳ್ತೀನಿ.

ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಮಾರನೇ ದಿನ ಇಲ್ಲಿಯ ಎಷ್ಟೋ ಮನೆಗಳ ಫ್ರಿಜ್ಜು ಹೀಗೇ ಇರುತ್ತದೆ. ಜನ ಟೀವಿ ಕೊಳ್ಳೋಕೆ ಅಂಗಡಿಗೆ ಓಡುವ ದಿನವೂ ಅದೇ. ನಾನು ಎಲ್ಲೂ ಓಡಲ್ಲ. ನಾನು ಮಂಡ್ಯದ ಕಡೆಯವನು, ಹಬ್ಬಕ್ಕಿಂತ ಹಬ್ಬದ ಮಾರನೇ ದಿನಕ್ಕೆ ಕಾಯುವ ಜನ ನಾವು. ಯುಗಾದಿ ದಿನ ದೇವರಿಗೆ ಒಬ್ಬಟ್ಟು, ಮಾರನೇ ದಿನ ಹೊಸತೊಡಕು. ಕೋಳಿ ಕೂಗೋ ಹೊತ್ತಿಗೇ ಗುಡ್ಡೆ ಬಾಡಿನ ಪಾಲು ಹಿಡಿಯೋಕೆ ಪಾತ್ರೆ ಹಿಡಿದು ನಿಂತವನಿಗೆ, ಒಹಾಯೋದ ಕೊಲಂಬಸ್ಸಿನಲ್ಲಿ ಹಬ್ಬದ ಮಾರನೇ ದಿನ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ.

ನಿಜ ಹೇಳಬೇಕಂದ್ರೆ ಹಬ್ಬದ ದಿನದ ಟರ್ಕಿ ನನಗೆ ಅಷ್ಟಕ್ಕಷ್ಟೇ. ನೋಡೋಕೆ ಭರ್ಜರಿ. ಹೊಂಬಣ್ಣಕ್ಕೆ ತಿರುಗಿದ ಚರ್ಮ, ಎರಡೂ ಕಾಲು ಕಟ್ಟಿಸಿಕೊಂಡು ತಟ್ಟೆಯಲ್ಲಿ ಮಲಗಿದ ಗತ್ತು, ಮನೆ ಯಜಮಾನರು ಚಾಕು ಮಸೆದು ನಿಲ್ಲುವ ಠೀವಿ, ಎಲ್ಲ ಸರಿ. ಬಾಯಿಗಿಟ್ಟರೆ ಹತ್ತಿ. ಪಾಪ, ಅದರ ತಪ್ಪಲ್ಲ. ಎದೆ ಮಾಂಸ ಬೇಗ ಬೇಯುತ್ತದೆ, ತೊಡೆ ನಿಧಾನ. ಒಳಗಿನ ಬಿಸಿ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲೇಬೇಕು ಅನ್ನೋದು ಇಲ್ಲಿಯ ಸರ್ಕಾರದ ಮಾತು. ತೊಡೆ ಅಲ್ಲಿಗೆ ಮುಟ್ಟೋ ಹೊತ್ತಿಗೆ ಎದೆಯ ನೀರೆಲ್ಲ ಆರಿರುತ್ತದೆ. ಅದಕ್ಕೇ ಎಲ್ಲರೂ ಗ್ರೇವಿ ಸುರಿದುಕೊಳ್ಳುತ್ತಾರೆ, ಮಧ್ಯೆ ಮಧ್ಯೆ ಕ್ರ್ಯಾನ್‌ಬೆರಿ ಗೊಜ್ಜು ನೆಂಚಿಕೊಂಡು "ಈ ಸಲ ಚೆನ್ನಾಗಿ ಬಂದಿದೆ" ಅನ್ನುತ್ತಾರೆ. ಪ್ರತಿ ಸಲವೂ ಅನ್ನುತ್ತಾರೆ.

ಈ ಹಕ್ಕಿಗೆ ಹೆಸರಿನದ್ದೂ ಒಂದು ಗೋಳು. ಹುಟ್ಟೂರು ಅಮೆರಿಕ ಖಂಡ, ಮೊದಲು ಸಾಕಿ ಪಳಗಿಸಿದವರಲ್ಲಿ ಮೆಕ್ಸಿಕೋದವರೂ ಇದ್ದರು. ಇಂಗ್ಲಿಷಿನವರು ಟರ್ಕಿ ದೇಶದ್ದು ಅಂದುಕೊಂಡರು. ಟರ್ಕಿಯವರನ್ನ ಕೇಳಿದರೆ ಅವರ ಭಾಷೆಯಲ್ಲಿ ಅದು ಹಿಂದಿ, ಅಂದರೆ ಇಂಡಿಯಾದ್ದು. ಡಚ್ಚರು ಕಲ್ಲಿಕೋಟೆ ಹೆಸರಿನಿಂದ ಕಾಲ್ಕೂನ್ ಅಂತಾರೆ. ಪೋರ್ಚುಗೀಸರಿಗೆ ಪೆರು. ಯಾರ ಮನೆ ಬಾಗಿಲು ತಟ್ಟಿದರೂ ಪಕ್ಕದ ಮನೆ ತೋರಿಸ್ತಾರೆ. ಇಂಡಿಯಾಕ್ಕೆ ಬಂದಾಗ ಮಾತ್ರ ಮರ್ಯಾದೆ ಸಿಕ್ಕಿತ್ತು. 1612ರಲ್ಲಿ ಗೋವಾದಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಒಂದು ಟರ್ಕಿ ಹೋಯಿತು. ಅದರ ತಲೆ ಬಣ್ಣ ಬದಲಾಯಿಸೋದನ್ನ ನೋಡಿ ಅವನು ಬೆರಗಾಗಿ ಬರೆದುಕೊಂಡ, ಮನ್ಸೂರ್ ಅನ್ನೋ ಚಿತ್ರಕಾರ ಅದರ ಚಿತ್ರ ಬರೆದ. ನಾವು ಅದನ್ನ ಫಾಯಿಲ್ ಸುತ್ತಿ ಓವನ್ನಿಗೆ ದೂಡ್ತೀವಿ.

ನಾನು ಇಲ್ಲಿಗೆ ಬಂದ ಮೊದಲ ವರ್ಷ ನಾಲ್ಕು ಜನ ರೂಮ್‌ಮೇಟುಗಳು ಸೇರಿ 14 ಪೌಂಡಿನ ಟರ್ಕಿ ತಂದೆವು. ಆರು ಕೇಜಿಗೂ ಮೇಲೆ. ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಹಕ್ಕಿ ಫ್ರಿಜ್ಜಿನಲ್ಲಿ ಕರಗೋಕೆ ಮೂರು ದಿನ ಬೇಕು ಅನ್ನೋದು ಗೊತ್ತಿಲ್ಲ. ಹೊಟ್ಟೆಯೊಳಗೆ ಕಾಗದದ ಚೀಲದಲ್ಲಿ ಕುತ್ತಿಗೆ, ಗುಂಡಿಗೆ ಎಲ್ಲ ಕಟ್ಟಿಟ್ಟಿರುತ್ತಾರೆ ಅನ್ನೋದೂ ಗೊತ್ತಿಲ್ಲ. ಚೀಲದ ಸಮೇತ ಬೇಯಿಸಿದೆವು. ಇರಲಿ, ತಿಂದೆವು. ಮಾರನೇ ದಿನ ಸೂಪು ಮಾಡ್ತೀನಿ ಅಂತ ನಾನೇ ಮುಂದೆ ಬಿದ್ದೆ. ಮೂಳೆಯನ್ನ ದೊಡ್ಡ ಪಾತ್ರೆಗೆ ಹಾಕಿ ಮಧ್ಯಾಹ್ನ ಪೂರ್ತಿ ಕುದಿಸಿದೆ. ಮನೆಯೆಲ್ಲ ಘಮ್ ಅಂತಿತ್ತು, ಕಿಟಕಿ ಗಾಜಿಗೆ ಆವಿ ಕಟ್ಟಿತ್ತು. ಸಂಜೆ ಸಿಂಕಿನಲ್ಲಿ ಜಾಲರಿ ಬುಟ್ಟಿ ಇಟ್ಟು ಪಾತ್ರೆ ಬಗ್ಗಿಸಿದೆ. ಅನ್ನ ಬಸಿದು ಬಸಿದು ಅಭ್ಯಾಸವಾದ ಕೈ ನೋಡಿ, ಅದರ ಪಾಡಿಗೆ ಅದು ಬಗ್ಗಿಸಿತು. ಸೂಪು ಪೂರ್ತಿ ಮೋರಿಗೆ. ಬುಟ್ಟಿಯಲ್ಲಿ ಬಿಳುಚಿಕೊಂಡ ಮೂಳೆ ಹಬೆಯಾಡ್ತಾ ನನ್ನನ್ನೇ ನೋಡ್ತಿತ್ತು. ಹಿಂದೆ ಮೂರು ಜನ ಬಟ್ಟಲು ಹಿಡಿದು ನಿಂತಿದ್ದರು. ಬಸ್ಸಾರಿನ ಜಿಲ್ಲೆಯವನು, ಬಸಿದ ಕಟ್ಟಿನಲ್ಲೇ ಜೀವ ಇರೋದು ಅಂತ ಹಾಲು ಕುಡಿಯೋ ವಯಸ್ಸಿನಿಂದ ತಿಳಿದವನು, ಕಟ್ಟನ್ನ ಚೆಲ್ಲಿ ಸೊಪ್ಪಿನ ದಂಟು ಉಳಿಸಿಕೊಂಡ ಹಾಗಾಯಿತು.

ಅವತ್ತಿಂದ ಸೂಪಿನ ಸಹವಾಸ ಬಿಟ್ಟಿದ್ದೆ. ಮದುವೆಯಾಗಿ, ಸ್ವಂತ ಮನೆಯಾಗಿ, ಅವ್ವ ಆರು ತಿಂಗಳಿಗೆ ಅಂತ ಬಂದ ವರ್ಷ ಮತ್ತೆ ಟರ್ಕಿ ತಂದೆ. ಅವ್ವ ಅದನ್ನ ಸುತ್ತಲೂ ತಿರುಗಿಸಿ ನೋಡಿದಳು.

"ಇದೇನ್ಲಾ ಮಗ, ಕೋಳಿನೋ ಕುರಿಮರಿನೋ?"

ಊಟದಲ್ಲಿ ಒಂದು ತುಂಡು ತಿಂದು ಸುಮ್ನೆ ಅನ್ನ ಮಜ್ಜಿಗೆಗೆ ಹೋದಳು. ರಾತ್ರಿ ಪಾತ್ರೆ ತೊಳೆಯುವಾಗ, "ಮೂಳೆ ಎಲ್ಲಾಕ್ದೆ?" ಅಂದಳು. ಬಾಗಿಲ ಹತ್ತಿರ ಚೀಲ ಕಟ್ಟಿಟ್ಟಿದ್ದೆ. "ಬಿಸಾಕಕ್ಕೆ" ಅಂದೆ.

"ಥೂ ನಿನ್ನ. ಅದ್ರಲ್ಲೇ ಅಲ್ವೇನ್ಲಾ ರುಚಿ ಇರಾದು. ಎತ್ಕೊಂಬಾ."

ಮಾರನೇ ದಿನ ಅವ್ವ ಅಡುಗೆಮನೆ ನೆಲದ ಮೇಲೆ ಪೇಪರ್ ಹಾಸಿ ಕೂತಳು. ಗೂಡು ಕುಕ್ಕರಿಗೆ ಹಿಡಿಸಲಿಲ್ಲ. ಕುಟ್ಟಾಣಿಯ ಗುಂಡಿನಲ್ಲಿ ಬೆನ್ನು ಮೂಳೆಗೆ ಎರಡು ಏಟು ಕೊಟ್ಟಳು, ಲಟಕ್ ಅಂತು. ಕೆಳಗಿನ ಮನೆಯವರು ಏನಂದುಕೊಂಡರೋ. ಕುಕ್ಕರ್ ಬದಿಗಿಟ್ಟು ದೊಡ್ಡ ಪಾತ್ರೆಯಲ್ಲೇ ಇಟ್ಟಳು. ತಣ್ಣೀರು, ಮೂಳೆ ಮುಳುಗುವಷ್ಟೇ, ಜಾಸ್ತಿ ಬೇಡ. ಎರಡು ಹೋಳು ಮಾಡಿದ ಈರುಳ್ಳಿ, ಸಿಪ್ಪೆ ಸಮೇತ ಒಂದು ಗಡ್ಡೆ ಬೆಳ್ಳುಳ್ಳಿ, ಜಜ್ಜಿದ ಶುಂಠಿ, ಚಿಟಿಕೆ ಅರಿಶಿನ. ಕೊತಕೊತ ಕುದಿಸಬಾರದು. ಆ ಮೂಲೆಯಲ್ಲೊಂದು ಗುಳ್ಳೆ, ಈ ಮೂಲೆಯಲ್ಲೊಂದು ಗುಳ್ಳೆ, ಅಷ್ಟೇ ಉರಿ. ಜೋರಾಗಿ ಕುದಿಸಿದರೆ ಜಿಡ್ಡು ನೀರಿನಲ್ಲಿ ಕಲಸಿಹೋಗಿ ಸೂಪು ಕದಡುತ್ತದೆ. ಮೂರು ಗಂಟೆ ಹಾಗೇ ಬಿಟ್ಟಳು. ಆಮೇಲೆ ಸೋಸುವ ಹೊತ್ತು. "ತಡೀರಿ" ಅಂತ ನನ್ನ ಹೆಂಡತಿ ಓಡಿ ಬಂದು ಜಾಲರಿಯ ಕೆಳಗೆ ಇನ್ನೊಂದು ಪಾತ್ರೆ ಇದೆಯಾ ಅಂತ ನೋಡಿದಳು. ಆ ಮೋರಿ ಕಥೆ ಇವಳಿಗೆ ಯಾರು ಹೇಳಿದರೋ.

ಒಂದು ಚಮಚ ಮೆಣಸು, ಅರ್ಧ ಚಮಚ ಜೀರಿಗೆ, ತರಿತರಿಯಾಗಿ ಕುಟ್ಟಿ ಹಾಕೋದು ಈಗ. ಉಪ್ಪಿನ ಡಬ್ಬಿ ಮುಟ್ಟೋ ಮುಂಚೆ ಒಂದು ಚಮಚ ಕುಡಿದು ನೋಡಿ, ಯಾಕಂದ್ರೆ ಅಂಗಡಿಯ ಎಷ್ಟೋ ಟರ್ಕಿಗಳಿಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ, ಅದೆಲ್ಲ ಸೂಪಿಗೆ ಇಳಿದಿರುತ್ತದೆ. ಬಿಡಿಸಿಟ್ಟ ಮಾಂಸ ಕೊನೆಗೆ. ಅದು ನಿನ್ನೆಯೇ ಬೆಂದಿರೋದು, ಬಿಸಿಯಾದರೆ ಸಾಕು. ಇಳಿಸಿದ ಮೇಲೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆ ನಮ್ಮ ಸ್ವತ್ತು ಅಂದುಕೊಂಡಿದ್ದೆ, ಇಲ್ಲಿಯವರೂ ಕೋಳಿ ಸೂಪಿಗೆ ಅದನ್ನೇ ಉದುರಿಸ್ತಾರೆ. ಉಳಿದಂತೆ ಅವರದ್ದು ಕ್ಯಾರೆಟ್, ಸೆಲರಿ, ಶಾವಿಗೆಯಂಥ ನೂಡಲ್ಸು. ಮಿನ್ನೆಸೋಟಾದವರು ಕೆರೆಯಲ್ಲಿ ಬೆಳೆಯುವ ಕಾಡಕ್ಕಿ ಹಾಕ್ತಾರೆ, ಲೂಸಿಯಾನಾದವರು ಗಂಬೋ ಮಾಡ್ತಾರೆ, ಚೀನಾ ಮೂಲದವರ ಮನೆಗಳಲ್ಲಿ ಅದೇ ಮೂಳೆಗೆ ಅಕ್ಕಿ ಹಾಕಿ ಗಂಜಿ. ನಮ್ಮನೇಲಿ ಮುದ್ದೆ. ಹೊರಗೆ ಸಂಜೆ ಐದೂಕಾಲಿಗೆಲ್ಲ ಕತ್ತಲು, ಒಳಗೆ ಅವ್ವ ಮುದ್ದೆ ಮುರಿದು ಆ ಸೂಪಿನಲ್ಲಿ ಅದ್ದಿ ನುಂಗಿ, ಬೆವರಿದ ಮೂಗು ಸೆರಗಿನಲ್ಲಿ ಒರೆಸಿಕೊಂಡು, "ಈಗ ಕೋಳಿ ಆಯ್ತು ನೋಡು" ಅಂದಳು.

ಉಳಿದದ್ದನ್ನ ಐಸಿನ ನೀರಿನಲ್ಲಿ ಪಾತ್ರೆ ಕೂರಿಸಿ ಬೇಗ ಆರಿಸಿ ಫ್ರಿಜ್ಜಿಗಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಸೂಪಿಲ್ಲ, ನಡುಗುವ ಜೆಲ್ಲಿ. ಕೆಟ್ಟಿತು ಅಂತ ಗಾಬರಿಯಾದೆ. ಮೂಳೆ, ಕೀಲು, ಚರ್ಮದ ಅಂಟು ನಿಧಾನವಾಗಿ ನೀರಿಗೆ ಬಿಟ್ಟುಕೊಂಡಾಗ ಹಾಗಾಗುತ್ತದಂತೆ. ಕಾಲ್ ಸೂಪು ಕುಡಿದಾಗ ತುಟಿಗೆ ತುಟಿ ಅಂಟಿಕೊಳ್ಳುತ್ತಲ್ಲ, ಅದೇ ಅಂಟು. ಒಲೆ ಮೇಲಿಟ್ಟ ಎರಡೇ ನಿಮಿಷಕ್ಕೆ ಕರಗಿ ಮತ್ತೆ ಸೂಪಾಯಿತು.

ಈ ವರ್ಷ ಹಬ್ಬಕ್ಕೆ ಆಫೀಸಿನ ಹಿರಿಯರೊಬ್ಬರು ಅವರ ಮನೆಗೆ ಕರೆದಿದ್ದರು. ಹನ್ನೆರಡು ಜನ, ದೊಡ್ಡ ಹಕ್ಕಿ, ಎಲ್ಲ ಚೆನ್ನಾಗಿಯೇ ಇತ್ತು. ನನ್ನ ಕಣ್ಣು ಮಾತ್ರ ತಟ್ಟೆ ಖಾಲಿಯಾದ ಹಾಗೆ ಎದ್ದು ಕಾಣ್ತಿದ್ದ ಗೂಡಿನ ಮೇಲೇ. ಹೊರಡುವಾಗ ಆ ಮನೆಯಾಕೆ ಎಲ್ಲರಿಗೂ ಡಬ್ಬಿ ಕಟ್ಟಿಕೊಡ್ತಿದ್ದರು, ಒಬ್ಬರಿಗೆ ಕುಂಬಳಕಾಯಿ ಪೈ, ಒಬ್ಬರಿಗೆ ಆಲೂಗಡ್ಡೆ. ನಿಮಗೇನು ಬೇಕು ಅಂದರು. ಹೆಂಡತಿ ನನ್ನ ತೋಳು ಚಿವುಟಿದಳು. ನಾನು ಮೂಳೆ ಅಂದೆ.

ಆಕೆ ಒಂದು ಕ್ಷಣ ನೋಡಿದರು. "ಓ, ನಾಯಿಗಾ?"

ಹೂಂ ಅಂದೆ. ಇನ್ನೇನು ಹೇಳಲಿ. ಪಾಪ, ಖುಷಿಯಾಗಿ ದೊಡ್ಡ ಚೀಲಕ್ಕೆ ತುಂಬಿ, ಬೇಯಿಸಿದ ಮೂಳೆ ಹಾಗೇ ಕೊಡಬೇಡಿ, ಸೀಳಿ ಗಂಟಲಿಗೆ ಚುಚ್ಚುತ್ತೆ ಅಂತ ಎರಡು ಸಲ ಎಚ್ಚರಿಕೆ ಬೇರೆ ಹೇಳಿದರು. ಇಲ್ಲ ಇಲ್ಲ, ಕುದಿಸಿ ನೀರು ಮಾತ್ರ ಕೊಡ್ತೀನಿ ಅಂದೆ. ಅದಂತೂ ಸುಳ್ಳಲ್ಲ.

ಸೋಮವಾರ ಆಫೀಸಿನಲ್ಲಿ ಆ ಹಿರಿಯರು ನನ್ನ ಮೇಜಿನ ಹತ್ತಿರ ಬಂದು, ನಾಯಿಗೆ ಹಿಡಿಸಿತಾ ಅಂತ ಕೇಳಿದರು. ತುಂಬಾ ಹಿಡಿಸಿತು, ಮತ್ತೊಂದು ಸಲ ಹಾಕಿಸಿಕೊಂಡಿತು ಅಂದೆ. ಮುದ್ದೆ ಜೊತೆ ತಿಂತು ಅನ್ನೋದನ್ನ ಹೇಳಲಿಲ್ಲ.