ಮೆರವಣಿಗೆಗಿಂತ ಆ ಗೋಡೆ ದೊಡ್ಡದು

ಶಿಕಾಗೋ ಕಬ್ಸ್ ಬೇಸ್‌ಬಾಲ್ ತಂಡ 2016ರಲ್ಲಿ ಅಮೆರಿಕದ ಚಾಂಪಿಯನ್‌ಶಿಪ್ ಸರಣಿ ‘ವರ್ಲ್ಡ್ ಸೀರೀಸ್’ ಗೆದ್ದಾಗಿನ ನಿಜವಾದ ಸಂಭ್ರಮ ನವೆಂಬರ್ 4ರ ಮೆರವಣಿಗೆಯಲ್ಲಿತ್ತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆಗ ನಾವು ಅದೇ ಊರಲ್ಲಿದ್ದೆವು. ಅಕ್ಟೋಬರ್ 30, ದೀಪಾವಳಿ. ಲಕ್ಷ್ಮಿ ಪೂಜೆ ಮುಗಿಸಿ ಟಿವಿ ಹಾಕಿದರೆ ಕಬ್ಸ್‌ನ ತವರು ಸ್ಟೇಡಿಯಂ ರಿಗ್ಲಿ ಫೀಲ್ಡ್‌ನಲ್ಲಿ ಸರಣಿಯ ಐದನೇ ಪಂದ್ಯ, 3-2ರ ಗೆಲುವು. ಮರುದಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಬರುವ ಹ್ಯಾಲೋವೀನ್ ಹಬ್ಬ. ಮಿಠಾಯಿ ಕೇಳಲು ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಕಬ್ಸ್‌ನ ನೀಲಿ ಜೆರ್ಸಿ! ಕೊನೆಯ ಪಂದ್ಯ ಎದುರಾಳಿ ತಂಡದ ಊರು ಕ್ಲೀವ್‌ಲ್ಯಾಂಡ್‌ನಲ್ಲಿ, ಮಳೆಗೆ 17 ನಿಮಿಷ ನಿಂತು, ಹತ್ತನೇ ಇನಿಂಗ್ಸ್‌ನಲ್ಲಿ 8-7ರ ಗೆಲುವು. ಈ ಪ್ರಶಸ್ತಿಗಾಗಿ ಕಬ್ಸ್ ಅಭಿಮಾನಿಗಳು 108 ವರ್ಷ ಕಾದಿದ್ದರು ಅಲ್ವಾ.

ಮರುದಿನ ಬೆಳಗ್ಗೆ ಪಕ್ಕದ ಮನೆಯ ಅಜ್ಜ ಅಂಗಳದ ಮೇಪಲ್ ಎಲೆ ಗುಡಿಸುವುದನ್ನು ಅರ್ಧಕ್ಕೆ ಬಿಟ್ಟು ಸೀಮೆಸುಣ್ಣ ಹಿಡಿದು ರಿಗ್ಲಿಗೆ ಹೊರಟರು. ನಾನೂ ಜೊತೆಗೆ ಹೋದೆ. ಸ್ಟೇಡಿಯಂನ ಇಟ್ಟಿಗೆ ಗೋಡೆ ತುಂಬಾ ಹೆಸರುಗಳು. ಈ ದಿನ ನೋಡದೇ ತೀರಿಹೋದ ಅಪ್ಪಂದಿರು, ಅಜ್ಜಿಯರು. ಕೈ ಎಟುಕದ ಕಡೆ ಗುರುತಿಲ್ಲದವರೇ ಒಬ್ಬರನ್ನೊಬ್ಬರು ಎತ್ತಿ ಬರೆಸುತ್ತಿದ್ದರು. ಅಜ್ಜ ತಮ್ಮ ತಂದೆಯ ಹೆಸರು ಬರೆದು ಅದರ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತರು. ಕಣ್ಣು ತುಂಬಿತ್ತು. ಮೆರವಣಿಗೆಗೂ ಹೋಗಿದ್ದೆ, ಜನ ಜಾಸ್ತಿ ಇದ್ದರು, ಗದ್ದಲವೂ ಇತ್ತು. ಆದರೆ ನನಗೆ ನೆನಪಿರುವುದು ಆ ಗೋಡೆ. ಲೇಖನದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ದಯವಿಟ್ಟು ಸೇರಿಸಿ.