ಹಳೇ ಬಿಲ್ಲಿಗೆ ಉಪ್ಪುಕಾಗದ ಮುಟ್ಟಿಸ್ಬೇಡಿ

ನಾನಿರೋದು ಮಿಶಿಗನ್‌ನಲ್ಲಿ. ಇಲ್ಲಿ ಬಿಲ್ಲು ಹಿಡ್ಕೊಂಡು ಜಿಂಕೆ ಬೇಟೆಗೆ ಹೋಗೋರು ತುಂಬಾ, ಅದಕ್ಕೆ ಗರಾಜ್ ಸೇಲ್‌ಗಳಲ್ಲಿ ಹಳೇ ಬಿಲ್ಲುಗಳು ಸಿಗ್ತಾನೇ ಇರ್ತವೆ. ನಂಗೆ ಸಿಕ್ಕಿದ್ದು ಬೇರ್ ಅನ್ನೋ ಬಿಲ್ಲು ಕಂಪನಿಯ ಗ್ರಿಜ್ಲಿ ಮಾಡೆಲ್ಲು, 1978ರಲ್ಲಿ ಫ್ಲೋರಿಡಾಗೆ ಹೋಗೋ ಮುಂಚೆ ಇದೇ ರಾಜ್ಯದ ಗ್ರೇಲಿಂಗ್‌ನಲ್ಲಿ ಫ್ಯಾಕ್ಟರಿ ಇತ್ತಲ್ಲ, ಆಗಿಂದು. ಮೇಲೆ 1953 ಅಂತಿದೆ, ಬಹಳ ಜನ ಅದೇ ತಯಾರಾದ ವರ್ಷ ಅನ್ಕೋತಾರೆ, ಅದು ಪೇಟೆಂಟಿನ ವರ್ಷ ಅಷ್ಟೇ. ಹಿಡಿ ಹತ್ರ ಕೂರ್ಸಿರೋ ಕಂಪನಿ ಗುರುತಿನ ನಾಣ್ಯ ನೋಡ್ಬೇಕು, ಮರಕ್ಕೆ ಸಮವಾಗಿ ಕೂತಿದ್ರೆ 1959ರಿಂದ 1972ರ ಒಳಗಿಂದು, ಉಬ್ಬಿದ್ರೆ ಆಮೇಲಿಂದು. ನಂದು ಸಮವಾಗಿದೆ.

ತಂದ ದಿನವೇ ಚೆನ್ನಾಗಿ ಉಜ್ಜಿ ವಾರ್ನಿಶ್ ಹೊಡ್ಯೋಣ ಅಂತಿದ್ದೆ, ಬಿಲ್ಲು ಹೊಡ್ಯೋ ಜಾಗದಲ್ಲಿ ಸಿಗೋ ಹಿರಿಯರೊಬ್ರು ಬೇಡ ಅಂತ ತಡೆದ್ರು. ವಾರ್ನಿಶ್ ಕೆಳಗೆ ಶಾಯೀಲಿ ಕೈಬರಹ ತೋರ್ಸಿದ್ರು, ನಂಬರು, ಉದ್ದ, 28 ಇಂಚು ಎಳೆಯೋಕೆ 45 ಪೌಂಡು ಬಲ ಬೇಕು ಅಂತ. ಉಜ್ಜಿದ್ರೆ ಅದೂ ಹೋಗ್ತಿತ್ತು, ಮರಕ್ಕೆ ಅಂಟಿಸಿರೋ ಫೈಬರ್ ಗ್ಲಾಸ್ ಪದರದ ಧೂಳು ನನ್ನ ಶ್ವಾಸಕೋಶಕ್ಕೂ ಹೋಗ್ತಿತ್ತು.

ಆವಾಗ ನೆನಪಾಗಿದ್ದು ತೀರ್ಥಹಳ್ಳಿ ಕಡೆ ನಮ್ಮನೆಯ ಬೀಟೆ ಪೆಟ್ಟಿಗೆ. ಅಜ್ಜ ಅದರ ಮುಚ್ಚಳದ ಒಳಗೆ ಅಡಿಕೆ ಲೆಕ್ಕ ಗೀಚಿದ್ರು, ಗೃಹಪ್ರವೇಶಕ್ಕೆ ಅಂತ ಪಾಲಿಶ್ ಹಾಕ್ಸಿದ್ವಿ, ಫಳಫಳ ಅಂತು, ಅಜ್ಜನ ಅಕ್ಷರ ಒಂದೂ ಉಳೀಲಿಲ್ಲ. ಅದು ನಂಗೆ ಈಗ್ಲೂ ಸಂಕಟ. ನಾವು ಹಳೇದನ್ನ ಪ್ರೀತಿಸೋದೇ ಹೊಸದು ಮಾಡೋದ್ರಲ್ಲಿ, ತೇಗದ ಬಾಗಿಲಿಗೂ ಎನಾಮಲ್ ಪೇಂಟ್ ಬಳೀತೀವಿ, ಇದನ್ನ ಬಿಡ್ಬೇಕು ನಾವು.

ಬಿಲ್ಲಿಗೆ ಮಾಡಿದ್ದು ಇಷ್ಟೇ. ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ಸೋಪು, ಗಟ್ಟಿಯಾಗಿ ಹಿಂಡಿದ ಬಟ್ಟೇಲಿ ಒರೆಸಿ ತಕ್ಷಣ ಒಣಬಟ್ಟೆ. ಹಿಡಿ ಮೇಲೆ ವರ್ಷಗಟ್ಲೆ ಬೆವರು ಕೂತಿತ್ತು, ಅಲ್ಲಿಗೆ ಮಾತ್ರ ನಾಲ್ಕು ಸೊನ್ನೆಯ (ತೀರಾ ನಯವಾದ) ಸ್ಟೀಲ್ ವೂಲ್ ಹಗುರಾಗಿ, ವಾರ್ನಿಶ್ ಕರಗಿಸೋ ಅಸಿಟೋನ್ ಹತ್ರಕ್ಕೂ ತರ್ಲಿಲ್ಲ, ಕೊನೆಗೆ ಪೇಸ್ಟ್ ವ್ಯಾಕ್ಸ್. ಅಂಚಿನುದ್ದ ಹತ್ತಿ ಸವರಿ ನೋಡಿದೆ, ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಬಿರುಕಿದೆ ಅಂತ, ಎಲ್ಲೂ ಸಿಕ್ಲಿಲ್ಲ. ಹೆದೆಗೆ ಸ್ವಲ್ಪ ಹಿಗ್ಗೋ ಡ್ಯಾಕ್ರಾನ್ ದಾರಾನೇ, ಈಗಿನ ಹಿಗ್ಗದ ದಾರ ಹಳೇ ಬಿಲ್ಲಿನ ತುದಿ ಸೀಳಿಬಿಡಬಹುದು. ಬಾಣ ಇಲ್ದೆ ಎಳೆದು ಬಿಡೋದಂತೂ ಯಾವತ್ತೂ ಬೇಡ.

ಆದ್ರೆ ಇಲ್ಲಿಯೋರೂ ಒಂದು ತಪ್ಪು ಮಾಡ್ತಾರೆ, ಬೇಟೆ ಮುಗಿದ ಮೇಲೆ ಗರಾಜ್ ಮೂಲೇಲಿ ಒರಗಿಸಿ ಹತ್ತು ವರ್ಷ ತಿರುಗಿ ನೋಡಲ್ಲ, ಬಿಲ್ಲು ತಿರುಚಿಕೊಂಡಿರತ್ತೆ. ನಮ್ಮಪ್ಪ ಆಯುಧಪೂಜೆಗೆ ಕತ್ತಿ, ಗುದ್ದಲಿ, ಹಾರೆ ಎಲ್ಲಾ ಅಂಗಳಕ್ಕೆ ತಂದು ಒಂದೊಂದೂ ಕೈಯಲ್ಲಿ ತಿರುಗ್ಸಿ ನೋಡೋರು, ಹಿಡಿ ಸಡಿಲ ಆಗಿದ್ರೆ ಅವತ್ತೇ ಗೊತ್ತಾಗೋದು. ನಾನೂ ಹೋದ ವರ್ಷದಿಂದ ಹಂಗೇ, ಹಬ್ಬದ ಬೆಳಿಗ್ಗೆ ಬಿಲ್ಲು ಇಳಿಸಿ ವ್ಯಾಕ್ಸ್ ಹಚ್ತೀನಿ, ಮರಕ್ಕೆ ಕಲೆ ಆಗತ್ತೆ ಅಂತ ಕುಂಕುಮ ಇಡಲ್ಲ, ಒಂದು ಸೇವಂತಿಗೆ ಇಟ್ಟು, ಸಂಜೆ ಹೂ ತೆಗೆದು ಮತ್ತೆ ಎರಡು ಗೂಟದ ಮೇಲೆ ಅಡ್ಡ ಮಲಗಿಸ್ತೀನಿ.